ಲಿಂಗ ಕೈಯಲ್ಲಿದ್ದ ಹೊತ್ತು

ಸೌಮ್ಯಶ್ರೀಯ ಕಣ್ಣು ತಪ್ಪಿಸಿ ಆ ಮನೆಯೊಳಗೆ ಏನೂ ಬರಲಾರದು ಎಂದು ಮನೆಯವರೆಲ್ಲ ನಂಬಿದ್ದರು. ಅವಳೂ ನಂಬಿದ್ದಳು. ಹೊರಗೆ ಹೊರಟರೆ ಗ್ಯಾಸಿನ ಗುಂಡಿ ಮುಟ್ಟಿ ನೋಡಿ, ಬೀಗ ಎಳೆದು ನೋಡಿ, ಗೇಟಿನವರೆಗೆ ಹೋದವಳು ತಿರುಗಿ ಬಂದು ಮತ್ತೊಮ್ಮೆ ಎಳೆದು ನೋಡುವ ಹೆಂಗಸು. ಕೊರಿಯರ್ ಪೆಟ್ಟಿಗೆ ಬಂದರೆ ಅದರ ಮೇಲೆ ಹೆಸರು, ಫೋನ್ ನಂಬರ್ ಅಚ್ಚಾಗಿರುವ ಚೀಟಿಯನ್ನು ಕಿತ್ತು, ನೀರಿನಲ್ಲಿ ನೆನೆಸಿ, ಅಕ್ಷರ ಕದಡಿದ ಮೇಲೆಯೇ ಕಸಕ್ಕೆ ಹಾಕುತ್ತಿದ್ದಳು. ಪೀಣ್ಯದ ಕಾರ್ಖಾನೆಯಲ್ಲಿ ಎಂಜಿನಿಯರಾದ ಗಂಡ ಶಿವಕಿರಣ್ ಅದನ್ನು ನೋಡಿ ನಕ್ಕು ಸುಮ್ಮನಾಗುತ್ತಿದ್ದ. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುವ ಮಗಳು ನಿಖಿತಾ ಸುಮ್ಮನಾಗುವವಳಲ್ಲ. ಅಮ್ಮನ ನಂಬರನ್ನು ಅವಳು ತನ್ನ ಫೋನಿನಲ್ಲಿ 'ಸೆಕ್ಯುರಿಟಿ' ಎಂಬ ಹೆಸರಲ್ಲಿ ಇಟ್ಟುಕೊಂಡಿದ್ದಳು.

ಬಸವೇಶ್ವರನಗರದ ಆ ಮನೆಯಲ್ಲಿ ಇದ್ದ ಇನ್ನೊಬ್ಬರು ಶಿವಕಿರಣನ ತಾಯಿ ಬಸವ್ವ. ರಾಣೇಬೆನ್ನೂರಿನ ಕಡೆಯವರು, ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿ ನಿವೃತ್ತರಾದವರು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಮಾತು ಊರನ್ನು ಬಿಟ್ಟು ಬಂದಿರಲಿಲ್ಲ. ಅವರಿಗೆ ಯಾವುದರ ಭಯವೂ ಇದ್ದಂತೆ ಕಾಣುತ್ತಿರಲಿಲ್ಲ. ಗುಂಡಿ ಒತ್ತುವ ಹಳೆಯ ಫೋನೊಂದನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದರು. ಸೊಸೆ ಒಂದು ಸ್ಮಾರ್ಟ್‌ಫೋನ್ ತಂದುಕೊಟ್ಟಾಗ ಅದನ್ನು ತಿರುವಿ ನೋಡಿ, ಇದಕ್ಕ ಮಾತು ಬಾಳ ಎಂದು ವಾಪಸ್ ಕೊಟ್ಟಿದ್ದರು.

ಅವರ ಕೊರಳಲ್ಲಿ ಇಷ್ಟಲಿಂಗ ಇರುತ್ತಿದ್ದ ಬೆಳ್ಳಿಯ ಕರಡಿಗೆ ಮದುವೆಯ ಕಾಲದ್ದು. ಮುಚ್ಚಳದ ಕೀಲು ಸವೆದು ಸವೆದು, ಒಂದು ಬೆಳಗ್ಗೆ ಪೂಜೆ ಮುಗಿಸಿ ಲಿಂಗವನ್ನು ಒಳಗಿಡುವಾಗ ಕಿತ್ತು ಕೈಗೆ ಬಂತು. ಬಸವ್ವ ಗಾಬರಿಯಾಗಲಿಲ್ಲ. ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ, ಶಿವದಾರಕ್ಕೆ ಕಟ್ಟಿ, ಕೊರಳಿಗೆ ಹಾಕಿಕೊಂಡು ಉಪ್ಪಿಟ್ಟು ತಿಂದರು. ಗಾಬರಿಯಾದವಳು ಸೌಮ್ಯಶ್ರೀ. ಬಟ್ಟೆಯ ಗಂಟು ಸಡಿಲವಾದರೆ? ಬಸ್ಸಿನಲ್ಲಿ ಜಾರಿದರೆ? ಮೈಮೇಲಿನ ಲಿಂಗ ನೆಲಕ್ಕೆ ಬಿದ್ದರೆ ಅದನ್ನು ಅತ್ತೆ ಹೇಗೆ ತಡೆದುಕೊಂಡಾರು? ಹೊಸ ಕರಡಿಗೆ ತಾನೇ ತೆಗೆಸಿಕೊಡುತ್ತೇನೆಂದಳು. ಬಸವ್ವ ಒಪ್ಪಲಿಲ್ಲ. ಲಿಂಗಕ್ಕೆ ಸೇರಿದ್ದನ್ನು ತಾವು ದುಡಿದ ದುಡ್ಡಿನಿಂದಲೇ ಕೊಳ್ಳುವುದು ಅವರ ತವರಿನಿಂದ ಬಂದ ಪದ್ಧತಿ. ಪೆನ್ಷನ್ ಬರುತ್ತದಲ್ಲ, ಅದರಿಂದ ಕೊಳ್ಳುತ್ತೇನೆ ಎಂದರು.

ಕೊಳ್ಳುವ ದಾರಿಗೆ ಒಂದು ಕಾರ್ಡು ಇತ್ತು. ಬಸವ್ವನ ಹೆಸರಿನ ಕ್ರೆಡಿಟ್ ಕಾರ್ಡು. ಮಾವ ಶಂಭುಲಿಂಗಪ್ಪ ತೀರಿಕೊಂಡ ಮೇಲೆ ಬಂದ ಹಣವನ್ನು ಬಸವ್ವ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು. ಆ ಠೇವಣಿಯನ್ನೇ ಆಧಾರ ಮಾಡಿಕೊಂಡು ಬ್ಯಾಂಕಿನವರು ಕೊಟ್ಟ ಕಾರ್ಡು ಅದು. ಕಾರ್ಡಿನ ಬಾಕಿ ಕಟ್ಟದಿದ್ದರೆ ಬ್ಯಾಂಕು ಠೇವಣಿಗೇ ಕೈಹಾಕುತ್ತದೆ. ಆ ಠೇವಣಿಯ ಬಗ್ಗೆ ಮನೆಯಲ್ಲಿ ಯಾರೂ ಹಗುರವಾಗಿ ಮಾತಾಡುತ್ತಿರಲಿಲ್ಲ. ಶಂಭುಲಿಂಗಪ್ಪ ಹುಡುಗನಾಗಿದ್ದಾಗ ಮಠದ ಉಚಿತ ಹಾಸ್ಟೆಲಿನಲ್ಲಿ ಉಂಡು, ಓದಿ ಮೇಲೆ ಬಂದವರು. ಅಲ್ಲಿ ಹುಡುಗರು ಮಲಗಲು ಜಾಗ ಸಾಲದೆ ಜಗಲಿಯಲ್ಲಿ ಮಲಗುತ್ತಿದ್ದರಂತೆ. ಆ ಹಣದಿಂದ ಅಲ್ಲೊಂದು ಕೋಣೆ ಕಟ್ಟಿಸಬೇಕೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಈ ಶ್ರಾವಣಕ್ಕೆ ಕೆಲಸ ಶುರುವಾಗಬೇಕು.

ಕಾರ್ಡನ್ನು ಸೊಸೆಯ ಕೈಗೆ ಕೊಡುವಾಗ ಬಸವ್ವನಿಗೆ ಒಂದೇ ಅನುಮಾನ ಇತ್ತು. "ಇದರಾಗ ಕೊಂಡ್ರ ಸಾಲ ಆಗೂದಿಲ್ಲೇನವ್ವ? ಲಿಂಗಕ್ಕ ಸಾಲದ ಮನಿ ಬ್ಯಾಡ."

"ಬಿಲ್ ಬಂದ ದಿನಾನೇ ನಿಮ್ಮ ಪೆನ್ಷನ್‌ನಿಂದ ಕಟ್ಬಿಡ್ತೀನಿ ಅತ್ತೆ. ಸಾಲ ಅನ್ನಿಸ್ಕೊಳ್ಳೋಕೆ ಅದಕ್ಕೆ ಟೈಮೇ ಸಿಗಲ್ಲ."

"ನೀ ಅಂದ್ರ ಸರಿ," ಎಂದು ಬಸವ್ವ ಕೊಟ್ಟೇಬಿಟ್ಟರು. ಮೂರು ಪದಗಳಲ್ಲಿ ಮುಗಿದುಹೋದ ಆ ನಂಬಿಕೆ ಸೌಮ್ಯಶ್ರೀಯ ಅಂಗೈಯಲ್ಲಿ ಕಾರ್ಡಿಗಿಂತ ಭಾರವಾಗಿ ಕೂತಿತು.

ಲಿಂಗಸಿರಿ ಭಂಡಾರದ ಜಾಹೀರಾತು ಅವಳ ಫೋನಿಗೆ ತಾನಾಗಿಯೇ ಬಂದಿತ್ತು. ಕರಡಿಗೆಯ ವಿಷಯ ಮನೆಯಲ್ಲಿ ಮಾತಾಡಿದ್ದೇ ತಡ, ಫೋನು ಕೇಳಿಸಿಕೊಂಡಂತೆ ಕರಡಿಗೆಗಳನ್ನು ತೋರಿಸತೊಡಗಿತು. ಅದು ಹೇಗೆ ತಿಳಿಯುತ್ತದೋ ಎಂದು ಅವಳು ಬೆರಗಾದಳು. ಆ ಅಂಗಡಿಯ ಪುಟವಾದರೂ ಎಷ್ಟು ಚೆನ್ನಾಗಿತ್ತು. ಹಣೆಯ ಮೇಲೆ ಮೂರೆಳೆ ವಿಭೂತಿ ಇದ್ದ ವೃದ್ಧರೊಬ್ಬರು ಬೆಳ್ಳಿಯ ತಗಡನ್ನು ಬಡಿದು ತಿದ್ದುವ ವಿಡಿಯೊ, ಕೊಂಡವರ ಹೊಗಳಿಕೆಗಳು, ದಾವಣಗೆರೆಯ ವಿಳಾಸ, ವಿಳಾಸದ ಪಟ್ಟಿಯಲ್ಲಿ ಬೀಗದ ಚಿತ್ರ. ಸೌಮ್ಯಶ್ರೀ ಎಲ್ಲವನ್ನೂ ನೋಡಿದಳು. ಬೀಗದ ಚಿತ್ರ ಇದ್ದರೆ ದಾರಿ ಭದ್ರ ಎಂದಷ್ಟೇ ಅರ್ಥ, ದಾರಿಯ ಕೊನೆಯಲ್ಲಿ ಕೂತವನು ಯಾರೆಂದು ಅದು ಹೇಳುವುದಿಲ್ಲ. ನಿಖಿತಾಳಿಗೆ ಈ ಮಾತನ್ನು ಹೇಳಿಕೊಟ್ಟವಳೇ ಅವಳು. ಆದರೂ ಆ ವೃದ್ಧರ ವಿಭೂತಿಯನ್ನು ನೋಡಿದಾಗ ಮನಸ್ಸು ಎಲ್ಲೋ ಒಂದು ಕಡೆ ಕೈಕಾಲು ಚಾಚಿ ಕೂತುಬಿಟ್ಟಿತು. ಕಾರ್ಡಿನ ಅಂಕಿಗಳನ್ನೆಲ್ಲ, ಬೆನ್ನ ಮೇಲಿನ ಮೂರು ಅಂಕಿಯನ್ನೂ ತುಂಬಿದಳು. ಪುಟ ಸ್ವಲ್ಪ ಹೊತ್ತು ಗಿರಕಿ ಹೊಡೆದು, ಪಾವತಿ ಆಗಲಿಲ್ಲ, ನಮ್ಮವರು ನಿಮಗೆ ಕರೆ ಮಾಡುತ್ತಾರೆ ಎಂದಿತು.

ಕರೆ ಮರುದಿನ ಬೆಳಗ್ಗೆ ಬಂತು. ಶಿವಕಿರಣ್ ಕೆಲಸಕ್ಕೆ, ನಿಖಿತಾ ಕಾಲೇಜಿಗೆ ಹೋಗಿಯಾಗಿತ್ತು. ಬೀದಿಯಲ್ಲಿ ಕಸದ ಆಟೊ ತನ್ನ ಹಾಡು ಹಾಕಿಕೊಂಡು ಮುಂದೆ ಸರಿಯುತ್ತಿತ್ತು. ಅಡುಗೆಮನೆಯ ಪಕ್ಕದ ಪೂಜೆ ಕೋಣೆಯಲ್ಲಿ ಬಸವ್ವ ಆಗಷ್ಟೇ ಕೂತಿದ್ದರು.

"ಶರಣು ಶರಣಾರ್ಥಿ ತಾಯಿ. ಲಿಂಗಸಿರಿ ಭಂಡಾರದಿಂದ ವಿಶ್ವಾರಾಧ್ಯ ಮಾತಾಡೂದು."

ಗಂಟಲಲ್ಲಿ ಬೆಲ್ಲ ಇಟ್ಟುಕೊಂಡಂಥ ದನಿ. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಕಡೆಯ ಹಿರಿಯರ ಬಾಯಲ್ಲಿ ಕೇಳುತ್ತ ಬಂದ ಅದೇ ವಂದನೆ, ಅದೇ ಎಳೆತ. ಸೌಮ್ಯಶ್ರೀಗೆ ತಿಳಿಯದೆಯೇ ಎಡಗೈ ಎದೆಯ ಹತ್ತಿರ ಬಂದು, ಬಾಯಿ "ಶರಣ್ರೀ" ಎಂದಿತು. ಅವನು ಹಣದ ಮಾತೇ ಎತ್ತಲಿಲ್ಲ. ಕರಡಿಗೆ ಯಾರಿಗೆ ಎಂದು ಕೇಳಿದ. ಅತ್ತೆಗೆ ಎಂದಳು. ಲಿಂಗದ ಎತ್ತರ ಎಷ್ಟಿದೆ, ಶಿವದಾರ ನೂಲಿನದೋ ರೇಷ್ಮೆಯದೋ, ಒಳಗೆ ವಸ್ತ್ರ ಹಾಸಿ ಇಡುವವರೋ ಹಾಗೆಯೇ ಇಡುವವರೋ ಎಂದೆಲ್ಲ ವಿಚಾರಿಸಿದ. ಇಂಥ ಪ್ರಶ್ನೆ ಕೇಳುವವನು ಕಳ್ಳನಾದಾನೆಂದು ಯಾರು ಅಂದುಕೊಂಡಾರು? ಆಮೇಲೆ ನಿಧಾನವಾಗಿ, ನಿನ್ನೆ ಪಾವತಿ ಅರ್ಧಕ್ಕೆ ನಿಂತಿದೆ, ಒಂದೇ ಒಂದು ರೂಪಾಯಿ ಹಾಕಿ ಕಾರ್ಡನ್ನು ಖಾತ್ರಿ ಮಾಡಿಕೊಟ್ಟರೆ ಕರಡಿಗೆ ಇವತ್ತೇ ಹೊರಡುತ್ತದೆ ಎಂದ. ಒಂದು ಲಿಂಕ್ ಕಳಿಸಿದ.

ಸೌಮ್ಯಶ್ರೀಯೊಳಗಿನ ಕಾವಲುಗಾತಿ ಆಗ ಒಮ್ಮೆ ಎದ್ದು ನಿಂತಳು. "ಓ.ಟಿ.ಪಿ. ಎಲ್ಲ ನಾನು ಫೋನಲ್ಲಿ ಹೇಳಲ್ಲ ರೀ," ಎಂದಳು.

ಅವನು ನಕ್ಕ. "ಹೇಳಬ್ಯಾಡ್ರಿ ತಾಯಿ. ಯಾರಿಗೂ ಹೇಳಬ್ಯಾಡ್ರಿ, ನನಗೂ ಹೇಳಬ್ಯಾಡ್ರಿ. ಕಾಲ ಕೆಟ್ಟೈತಿ. ನಿಮ್ಮ ಕೈಲೇ ಲಿಂಕಿನ್ಯಾಗ ಹಾಕ್ರಿ ಸಾಕು."

ಎದ್ದು ನಿಂತ ಕಾವಲುಗಾತಿ ಆ ಮಾತಿಗೆ ಮತ್ತೆ ಕೂತಳು. ಅವಳು ಊರಿಗೆಲ್ಲ ಹೇಳುತ್ತಿದ್ದ ನಿಯಮವನ್ನು ಅವನೇ ಎತ್ತಿ ಹೇಳಿ, ಅದರ ಮೇಲೆಯೇ ನಡೆದು ಅವಳ ಕಡೆಗೆ ಬಂದಿದ್ದ. ಅವನ ಲಿಂಕಿನಲ್ಲಿ ಹಾಕಿದರೂ ಅವನ ಕೈಗೇ ಹೋಗುತ್ತದೆ ಎಂಬುದು ಆಗ ಹೊಳೆಯಲೇ ಇಲ್ಲ. ಅವಳು ಲಿಂಕ್ ಒತ್ತಿದಳು. ಪುಟ ತೆರೆದು, ನಿಮ್ಮ ಫೋನಿಗೆ ಬಂದ ಸಂಖ್ಯೆಯನ್ನು ಇಲ್ಲಿ ಹಾಕಿ ಎಂದಿತು. ಅವಳ ಫೋನಿಗೆ ಏನೂ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಕಾರ್ಡು ಬಸವ್ವನದು, ಬ್ಯಾಂಕಿನಲ್ಲಿದ್ದ ನಂಬರ್ ಬಸವ್ವನದು.

ಪೂಜೆ ಕೋಣೆಯಿಂದ ಗುಂಡಿ ಫೋನಿನ ಗುರುಗುಟ್ಟುವಿಕೆ ಕೇಳಿಸಿತು.

ಅವಳು ಪರದೆ ಸರಿಸಿ ನೋಡಿದಳು. ಕಂಬಳಿಯ ಮೇಲೆ ಬಸವ್ವ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎಡ ಅಂಗೈ ಕಣ್ಣಿನ ಮಟ್ಟಕ್ಕೆ ಎತ್ತಿತ್ತು. ಅಂಗೈಯ ಮಧ್ಯೆ ಕಪ್ಪು ಲಿಂಗ, ಅದರ ನುಣುಪಿನ ಮೇಲೆ ದೀಪದ ಬೆಳಕಿನ ಒಂದು ಚುಕ್ಕಿ. ಬಸವ್ವನ ನೋಟ ಆ ಚುಕ್ಕಿಯಲ್ಲಿತ್ತು. ಸೊಂಟದ ಚೀಲವನ್ನು ಬಿಚ್ಚಿ ಫೋನಿನ ಸಮೇತ ಮಂಡಿಯ ಪಕ್ಕ ಇಟ್ಟಿದ್ದರು, ದಿನವೂ ಇಡುವ ಹಾಗೆ. ಚೀಲದ ಬಾಯಿಂದ ಅರ್ಧ ಹೊರಬಂದಿದ್ದ ಫೋನು ನೆಲದ ಮೇಲೆ ಒಂದು ಸುತ್ತು ನಡುಗಿ ಸುಮ್ಮನಾಯಿತು.

ಆ ಮನೆಯಲ್ಲಿ ಒಂದು ಮಾತು ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿತ್ತು. ಲಿಂಗ ಅಂಗೈಯಲ್ಲಿ ಇರುವಷ್ಟು ಹೊತ್ತು ಬಸವ್ವನನ್ನು ಕರೆಯುವಂತಿಲ್ಲ. ನಿಖಿತಾ ಚಿಕ್ಕವಳಿದ್ದಾಗ ಬಿದ್ದು ಮಂಡಿ ಒಡೆದುಕೊಂಡು ಬಂದವಳು ಆ ಬಾಗಿಲಲ್ಲಿ ಅಳು ನುಂಗಿಕೊಂಡು ನಿಂತಿದ್ದಳು. ಸೌಮ್ಯಶ್ರೀ ಪರದೆ ಬಿಟ್ಟು ಅಡುಗೆಮನೆಗೆ ಬಂದು, ದನಿ ತಗ್ಗಿಸಿ, ಅತ್ತೆ ಪೂಜೆಗೆ ಕೂತಿದ್ದಾರೆ, ಸ್ವಲ್ಪ ಹೊತ್ತು ಬಿಟ್ಟು ಮಾಡೋಣ ಎಂದಳು.

ಆಗಲಿ ತಾಯಿ ಎಂದ ಅವನು. ಆಮೇಲೆ ಲಿಂಕಿನ ಅವಧಿ ಮುಗಿಯುತ್ತದೆ ಎಂದ. ಆಮೇಲೆ ಈ ಅಳತೆಯ ಕರಡಿಗೆ ಇದೊಂದೇ ಉಳಿದಿದೆ, ಹುಬ್ಬಳ್ಳಿಯವರೊಬ್ಬರು ಕಾಯುತ್ತಿದ್ದಾರೆ ಎಂದ. ಪೂಜೆ ಕೋಣೆಯಲ್ಲಿ ಫೋನು ಮತ್ತೆ ಗುರುಗುಟ್ಟಿತು. ಅವನ ದನಿಯ ಬೆಲ್ಲ ಒಂದೊಂದೇ ಎಳೆಯಾಗಿ ಕರಗುತ್ತಿರುವುದು ಸೌಮ್ಯಶ್ರೀಗೆ ಕೇಳಿಸುತ್ತಿತ್ತು. ಆದರೂ ತಪ್ಪು ತನ್ನದೇ, ಒಳ್ಳೆಯವರನ್ನು ಕಾಯಿಸುತ್ತಿದ್ದೇನೆ ಎಂದೇ ಅವಳಿಗೆ ಸಂಕೋಚವಾಗುತ್ತಿತ್ತು.

"ಲಿಂಗ ಕೈಯಲ್ಲಿದೆ ರೀ ಅವರಿಗೆ," ಎಂದಳು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಇಲ್ಲ ಎಂದುಕೊಂಡಳು.

"ಇರ್ಲಿ ಬಿಡ್ರಿ. ಒಂದ್ನಿಮಿಷ ಲಿಂಗ ಕೆಳಗಿಟ್ಟು ಬರಾಕ ಹೇಳ್ರಿ."

ಕೆಳಗಿಟ್ಟು. ಹುಟ್ಟಿದ ಕೂಸಿನ ಕೊರಳಿಗೆ ಕಟ್ಟಿ, ಸತ್ತಾಗ ಮೈಯೊಂದಿಗೇ ಮಣ್ಣಿಗೆ ಹೋಗುವ ಲಿಂಗ. ಅಂಗೈ, ಕೊರಳು, ಎದೆ ಬಿಟ್ಟು ಅದಕ್ಕೆ ಬೇರೆ ಜಾಗವಿಲ್ಲ. ವಿಶ್ವಾರಾಧ್ಯ ಎಂಬ ಹೆಸರಿಟ್ಟುಕೊಂಡವನು, ಶರಣು ಶರಣಾರ್ಥಿ ಎಂದು ಬಾಯಿ ತೆರೆದವನು, ಶಿವದಾರದ ಎಳೆಯವರೆಗೆ ವಿಚಾರಿಸಿದವನು, ಅದನ್ನು ನೆಲಕ್ಕಿಡಿ ಎನ್ನುತ್ತಿದ್ದಾನೆ. ಗೋಡೆಗೆ ಹಾಕಿದ ಫೋಟೊದ ಗಾಜು ತಾನಾಗಿಯೇ ಬಿರಿದಂತಾಯಿತು. ಬಿರುಕಿನ ಆಚೆ ಯಾರೋ ಇದ್ದರು.

ಆಗ ಅವಳಿಗೆ ಅವನ ಹಿಂದಿನ ಸದ್ದು ಕೇಳಿಸಿತು. ಅಷ್ಟು ಹೊತ್ತೂ ಅದು ಇತ್ತೇನೋ, ಅವಳ ಕಿವಿ ಈಗ ತೆರೆದುಕೊಂಡಿತ್ತು. ದೊಡ್ಡದೊಂದು ಹಾಲ್ ಇರಬೇಕು. ಎಷ್ಟೊಂದು ದನಿಗಳು, ಒಂದರ ಹಿಂದೆ ಒಂದು. ಯಾರೋ ಹೆಂಗಸು ಹರೇ ಶ್ರೀನಿವಾಸ ಎಂದು ಮಾತು ಶುರುಮಾಡುತ್ತಿದ್ದಳು. ಅದರಾಚೆ ಒಬ್ಬ ಜೈ ಜಿನೇಂದ್ರ ಎನ್ನುತ್ತಿದ್ದ. ಇನ್ನೂ ಆಚೆ ಯಾರೋ ಅಸ್ಸಲಾಮು ಅಲೈಕುಂ ಎಂದು ಮೆಲ್ಲಗೆ, ಗೌರವದಿಂದ, ಯಾರದೋ ಮನೆಯ ಬಾಗಿಲು ತಟ್ಟುತ್ತಿದ್ದ. ಒಂದೊಂದು ಮನೆಗೆ ಒಂದೊಂದು ವಂದನೆ. ಯಾವ ಮನೆಯ ಬಾಗಿಲು ಯಾವ ಮಾತಿಗೆ ತೆರೆಯುತ್ತದೆಂದು ಕೂತು ಕಲಿತು, ಅಭ್ಯಾಸ ಮಾಡಿ ಬಂದವರು. ಅಷ್ಟು ಜನರ ಅಷ್ಟು ಶ್ರದ್ಧೆಯನ್ನು ನೆನೆದು ಸೌಮ್ಯಶ್ರೀಗೆ ಮೊದಲು ಆದದ್ದು ಭಯವಲ್ಲ, ಬೆರಗು. ಗುಡಿಯ ಪ್ರಾಂಗಣದಲ್ಲಿ ನಿಂತು ಎಲ್ಲ ಕಡೆಯಿಂದ ಮಂತ್ರ ಕೇಳಿದ ಹಾಗಿತ್ತು, ಒಳಗೆ ದೇವರು ಇರಲಿಲ್ಲ ಅಷ್ಟೆ.

ಅವಳು ಕರೆ ಕತ್ತರಿಸಿದಳು.

ಭಯ ಆಮೇಲೆ ಬಂತು, ಒಟ್ಟಿಗೇ ಬಂತು. ಓ.ಟಿ.ಪಿ. ಕೊಟ್ಟಿರಲಿಲ್ಲ, ನಿಜ. ಆದರೆ ಕಾರ್ಡಿನ ಅಂಕಿಗಳೆಲ್ಲ ನಿನ್ನೆಯೇ ಅವನ ಕೈಸೇರಿವೆ. ಓ.ಟಿ.ಪಿ. ಕೇಳದೆಯೇ ಹಣ ತೆಗೆದುಕೊಳ್ಳುವ ಅಂಗಡಿಗಳು ಹೊರದೇಶಗಳಲ್ಲಿವೆ ಎಂದು ನಿಖಿತಾಳಿಗೆ ತಾನೇ ಓದಿ ಹೇಳಿದ್ದಳು. ಅವನಿಗೆ ಇನ್ನು ಬಸವ್ವನ ಫೋನು ಬೇಕಾಗಿಲ್ಲ. ಬೇಕಾಗಿರುವುದು ಇವಳಿಗೆ. ಕಾರ್ಡನ್ನು ಈಗಿಂದೀಗ ಮುಚ್ಚಿಸಬೇಕು. ಬ್ಯಾಂಕಿನಲ್ಲಿ ಬರೆಸಿದ ನಂಬರಿನಿಂದ ಕರೆ ಹೋದರೆ ಒಂದೆರಡು ಗುಂಡಿ ಒತ್ತಿ ಮುಚ್ಚಿಸಬಹುದು. ಬೇರೆ ನಂಬರಿನಿಂದ ಹೋದರೆ ಕಾರ್ಡಿನ ಒಡತಿಯೇ ಮಾತಾಡಬೇಕು, ಜನ್ಮದಿನ, ತಾಯಿಯ ಹೆಸರು ಎಲ್ಲ ಒಪ್ಪಿಸಬೇಕು. ಒಡತಿ ಒಳಗೆ ಲಿಂಗ ಹಿಡಿದು ಕೂತಿದ್ದಾರೆ.

ಶಂಭುಲಿಂಗಪ್ಪನವರ ಕೋಣೆ ಕಣ್ಣ ಮುಂದೆ ಬಂತು. ಇನ್ನೂ ಕಟ್ಟದ ಆ ಕೋಣೆಯ ಗೋಡೆಯಿಂದ ಯಾರೋ ಒಂದೊಂದೇ ಇಟ್ಟಿಗೆ ತೆಗೆಯುತ್ತಿದ್ದರು.

ಪರದೆ ಸರಿಸಿ ಬಾಗಿಲಲ್ಲಿ ನಿಂತಳು. ಕರೆಯಲೇ? ಅವನು ಹೇಳಿದ್ದೂ ಅದನ್ನೇ ಅಲ್ಲವೇ? ಅವನ ಮಾತನ್ನು ತಾನೇ ನಡೆಸಿಕೊಟ್ಟಂತೆ ಆಗುವುದಿಲ್ಲವೇ? ಫೋನು ಇದ್ದದ್ದು ಬಸವ್ವನ ಬಲ ಮಂಡಿಯ ಆಚೆ, ಗೋಡೆಯ ಕಡೆ. ಬಗ್ಗಿ ಎತ್ತಿಕೊಳ್ಳಬೇಕೆಂದರೆ ಅತ್ತೆಯ ಮೈಮೇಲೆ ಹಾದು ಕೈಚಾಚಬೇಕು, ಲಿಂಗಕ್ಕೂ ಕಣ್ಣಿಗೂ ನಡುವೆ ತನ್ನ ತೋಳು ಬರಬೇಕು. ಇಷ್ಟು ವರ್ಷದಲ್ಲಿ ಆ ನಡುವಿನ ಜಾಗಕ್ಕೆ ನೊಣ ಬಂದದ್ದನ್ನೂ ಅವಳು ನೋಡಿರಲಿಲ್ಲ.

ಬಸವ್ವನ ರೆಪ್ಪೆ ಅಲುಗಲಿಲ್ಲ. ಲಿಂಗದ ಮೇಲಿನ ಬೆಳಕಿನ ಚುಕ್ಕಿ ಅಲುಗಲಿಲ್ಲ. ಅಷ್ಟು ಹೊತ್ತು ಎತ್ತಿ ಹಿಡಿದಿದ್ದ ಎಪ್ಪತ್ತು ದಾಟಿದ ಆ ತೋಳಿನಲ್ಲಿ ಒಂದಿಷ್ಟೂ ಕಂಪನವಿರಲಿಲ್ಲ. ಹೊರಗೆ ಕಸದ ಆಟೊ ಹಾಡಿತು, ಪಕ್ಕದ ಮನೆಯ ಕುಕ್ಕರ್ ಕೂಗಿತು, ಎಲ್ಲೋ ದೊಡ್ಡ ಹಾಲ್ ಒಂದರಲ್ಲಿ ನೂರು ದನಿಗಳು ನೂರು ಮನೆಗಳನ್ನು ತಟ್ಟುತ್ತಿದ್ದವು. ಎಲ್ಲ ಬಂದು ಆ ಅಂಗೈಯ ಅಂಚಿನಲ್ಲಿ ನಿಂತುಬಿಟ್ಟ ಹಾಗಿತ್ತು. ದಿನವೂ ದೀಪಕ್ಕೆ ಎಣ್ಣೆ ಹಾಕಿಕೊಡುತ್ತಿದ್ದ ಸೌಮ್ಯಶ್ರೀ ಈ ಕೂತಿರುವಿಕೆಯನ್ನು ಮೊದಲ ಸಲ ನೋಡಿದಳು.

ಫೋನು ಮೂರನೆಯ ಸಲ ನಡುಗಿತು.

ಆಗ ಬಸವ್ವನ ಬಲಗೈ ಕದಲಿತು. ಬಿಲ್ವಪತ್ರೆಯ ಬಟ್ಟಲಿನ ಕಡೆ ಹೋಗುತ್ತಿದ್ದ ಕೈ ದಾರಿ ಬದಲಿಸಿ, ನೆಲವನ್ನು ತಡವಿ, ಫೋನನ್ನು ಮುಟ್ಟಿ, ಬಾಗಿಲ ಕಡೆಗೆ ಒಮ್ಮೆ ತಳ್ಳಿತು. ನುಣುಪಾದ ನೆಲದ ಮೇಲೆ ಜಾರಿಕೊಂಡು ಬಂದ ಫೋನು ಸೌಮ್ಯಶ್ರೀಯ ಕಾಲಿನ ಹೆಬ್ಬೆರಳಿಗೆ ತಾಗಿ ನಿಂತಿತು. ಕೈ ವಾಪಸ್ ಹೋಗಿ ಪತ್ರೆಯೊಂದನ್ನು ಎತ್ತಿಕೊಂಡಿತು. ಕಣ್ಣು ಚುಕ್ಕಿಯಿಂದ ಒಂದು ಎಳೆಯೂ ಸರಿದಿರಲಿಲ್ಲ.

ಸೌಮ್ಯಶ್ರೀ ಫೋನೆತ್ತಿಕೊಂಡು ಮುಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಮೊದಲು ಸಂದೇಶ ತೆರೆದಳು. ಬ್ಯಾಂಕು ಎಲ್ಲವನ್ನೂ ಬರೆದು ಕಳಿಸಿತ್ತು. ಸಂಖ್ಯೆ ಇತ್ತು, ಯಾರಿಗೂ ಹೇಳಬೇಡಿ ಎಂದಿತ್ತು, ಅದರ ಪಕ್ಕದಲ್ಲೇ ಮೊತ್ತ ಇತ್ತು. ಒಂದು ರೂಪಾಯಿ ಅಲ್ಲ. ಕಾರ್ಡಿನ ಮಿತಿ ಪೂರ್ತಿ ಮುಗಿಯುವಷ್ಟು. ಹಣ ಹೋಗಬೇಕಾದ ಅಂಗಡಿಯ ಹೆಸರೂ ಇತ್ತು, ಚಿನ್ನದ ನಾಣ್ಯ ಮಾರುವ ಯಾವುದೋ ಊರಿನ ಯಾವುದೋ ಅಂಗಡಿ. ಅತ್ತೆ ಪೂಜೆಗೆ ಕೂತಿರದ ಹೊತ್ತಾಗಿದ್ದರೆ ಅವಳು ಈ ಸಂದೇಶದಲ್ಲಿ ಅಂಕಿಯನ್ನಷ್ಟೇ ಓದಿ, ಉಳಿದದ್ದನ್ನು ಓದದೆ ಲಿಂಕಿನಲ್ಲಿ ತುಂಬುತ್ತಿದ್ದಳು. ಅದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಸತ್ಯವೆಲ್ಲ ಅಲ್ಲೇ ಬರೆದಿತ್ತು, ಓದುವಷ್ಟು ಹೊತ್ತನ್ನು ಅವನು ಕೊಡುತ್ತಿರಲಿಲ್ಲ.

ಬ್ಯಾಂಕಿನ ಸಹಾಯವಾಣಿಯನ್ನು ಅವಳು ಇಂಟರ್ನೆಟ್ಟಿನಲ್ಲಿ ಹುಡುಕಲಿಲ್ಲ. ಅಲ್ಲಿ ಇದೇ ಜನ ತಮ್ಮ ನಂಬರನ್ನು ಬ್ಯಾಂಕಿನ ಹೆಸರಲ್ಲಿ ಇಟ್ಟು ಕಾಯುತ್ತಿರುತ್ತಾರೆ. ಕಾರ್ಡನ್ನು ತಿರುಗಿಸಿ, ಬೆನ್ನ ಮೇಲೆ ಅಚ್ಚಾಗಿದ್ದ ನಂಬರನ್ನು ಗುಂಡಿ ಫೋನಿನಲ್ಲಿ ಒಂದೊಂದಾಗಿ ಒತ್ತಿದಳು. ಕನ್ನಡಕ್ಕೆ ಒಂದು ಅಂಕಿ, ಮೋಸವಾಗಿದ್ದರೆ ಇನ್ನೊಂದು ಅಂಕಿ ಎಂದಿತು ಒಂದು ಹೆಣ್ಣು ದನಿ. ಯಂತ್ರದ ದನಿ, ಆತುರವಿಲ್ಲದ ದನಿ. ಅದಕ್ಕೆ ವಂದನೆಯೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ. ಕೇಳಿದ ಅಂಕಿಗಳನ್ನು ಸೌಮ್ಯಶ್ರೀ ಒತ್ತಿದಳು. ನಿಮ್ಮ ಕಾರ್ಡನ್ನು ಮುಚ್ಚಲಾಗಿದೆ ಎಂದಿತು. ಅವಳು ನಂಬಲಿಲ್ಲ. ಮತ್ತೊಮ್ಮೆ ಕರೆ ಮಾಡಿ ಕೇಳಿದಳು. ಮುಚ್ಚಲಾಗಿದೆ ಎಂದೇ ಹೇಳಿತು.

ಕರೆ ಮುಗಿಸಿ ಉಸಿರು ಬಿಡುವ ಮೊದಲೇ ಹೊಸ ಸಂದೇಶ ಬಂತು. ಡಾಲರಿನ ಲೆಕ್ಕದಲ್ಲಿ ಯಾರೋ ಕಾರ್ಡನ್ನು ಬಳಸಲು ನೋಡಿದ್ದರು, ಕಾರ್ಡು ಮುಚ್ಚಿರುವುದರಿಂದ ನಿರಾಕರಿಸಲಾಗಿದೆ. ಅದರ ಹಿಂದೆಯೇ ಇನ್ನೊಂದು. ಅದೂ ನಿರಾಕರಿಸಲಾಗಿದೆ. ಸೌಮ್ಯಶ್ರೀ ಆ ಪುಟ್ಟ ಪರದೆಯನ್ನೇ ನೋಡುತ್ತ ಕೂತಳು. ಬಸವೇಶ್ವರನಗರದ ಒಂದು ಮೆಟ್ಟಿಲ ಮೇಲೆ ಕೂತ ಹೆಂಗಸು ನಾಲ್ಕಾರು ಗುಂಡಿ ಒತ್ತಿದಳು. ಆ ಮಾತು ಕಡಲು ದಾಟಿ, ಹೆಸರು ಹೇಳಲೂ ಬಾರದ ಯಾವುದೋ ಊರಿನ ಯಂತ್ರಕ್ಕೆ ತಲುಪಿ, ಆ ಯಂತ್ರ ಇಲ್ಲ ಎಂದಿತು. ಅಲ್ಲಿ ಯಾರಿಗೂ ಇವಳ ಮುಖ ಗೊತ್ತಿಲ್ಲ, ಶಂಭುಲಿಂಗಪ್ಪ ಗೊತ್ತಿಲ್ಲ, ಜಗಲಿಯಲ್ಲಿ ಮಲಗುವ ಹುಡುಗರು ಗೊತ್ತಿಲ್ಲ. ಆದರೂ ಇಲ್ಲ ಎಂದಿತು. ಇಷ್ಟು ದೊಡ್ಡ ಜಗತ್ತಿನ ಇಷ್ಟು ಸಣ್ಣ ಕೀಲೊಂದು ತನ್ನ ಬೆರಳಿಗೆ ತಾಗಿ ತಿರುಗಿತಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

ಆಮೇಲಿನದು ಓಡಾಟದ ಕೆಲಸ. ಸೈಬರ್ ವಂಚನೆಗೆಂದೇ ಇರುವ ೧೯೩೦ ಸಂಖ್ಯೆಗೆ ಕರೆ ಮಾಡಿ ಅವನ ನಂಬರ್, ಲಿಂಕು, ಅಂಗಡಿಯ ಪುಟದ ವಿಳಾಸ ಎಲ್ಲ ಕೊಟ್ಟಳು. ಹಣ ಹೋಗದಿದ್ದರೂ ತಿಳಿಸಿದ್ದು ಒಳ್ಳೆಯದಾಯಿತು, ಇನ್ನೊಬ್ಬರಿಗೆ ಉಪಯೋಗವಾಗುತ್ತದೆ ಎಂದರು ಅಲ್ಲಿದ್ದವರು. ಶಿವಕಿರಣನಿಗೆ ಹೇಳಿದಳು. ಅವನು ಮೊದಲು ಕೇಳಿದ್ದು ಅವ್ವನಿಗೆ ಗೊತ್ತೇ ಎಂದು. ನಿಖಿತಾಳಿಗೂ ಹೇಳಿದಳು.

"ಸೆಕ್ಯುರಿಟಿನೇ ಗೇಟ್ ತೆಗೆದು ಬನ್ನಿ ಅಂದ್ಬಿಡ್ತಾ ಅಮ್ಮಾ?" ಎಂದು ನಕ್ಕಳು. ನಗುವಿನ ಕೊನೆಯಲ್ಲಿ ದನಿ ಬದಲಾಯಿತು. "ನಿನ್ನನ್ನೇ ಮಾತಲ್ಲಿ ಕಟ್ಟಾಕಿದ್ದಾನೆ ಅಂದ್ರೆ, ನಾನಾಗಿದ್ರೆ ಮುಗೀತು ಕಣಮ್ಮ."

ಅತ್ತೆಗೆ ಹೇಳುವುದೇ ಉಳಿದಿತ್ತು. ಸೌಮ್ಯಶ್ರೀ ಪರದೆಯ ಹೊರಗೆ ಕಾದು ಕೂತಳು. ಹಣ ಹೋಗಿಲ್ಲ, ಸುಮ್ಮನಿದ್ದರೂ ನಡೆಯುತ್ತದೆ. ಹೊಸ ಕಾರ್ಡು ಬಂದಾಗ, ಹಳೆಯದರ ಅವಧಿ ಮುಗಿದಿತ್ತು ಎನ್ನಬಹುದು. ಆ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ನೀ ಅಂದ್ರ ಸರಿ ಎಂದು ಒಂದೇ ಮಾತಿಗೆ ಕೊಟ್ಟವರಿಗೆ ಎರಡನೆಯ ಮಾತು ಸುಳ್ಳಾಗಿರಬಾರದು.

ಪೂಜೆ ಮುಗಿಯಿತು. ಬಸವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ, ಗಂಟು ಹಾಕಿ, ಗಂಟನ್ನು ಎಳೆದು ನೋಡಿ ಕೊರಳಿಗೆ ಹಾಕಿಕೊಂಡರು. ಹೊರಗೆ ಬಂದು ಸೊಸೆಯ ಹಣೆಗೆ ವಿಭೂತಿ ಹಚ್ಚಿದರು. ಸೌಮ್ಯಶ್ರೀ ಎಲ್ಲ ಹೇಳಿದಳು. ನಿನ್ನೆ ಅಂಕಿ ತುಂಬಿದ್ದು, ಬೆಲ್ಲದ ದನಿ, ಒಂದು ರೂಪಾಯಿ, ಹಾಲ್ ತುಂಬ ವಂದನೆಗಳು, ಠೇವಣಿ ಕೂದಲೆಳೆಯಲ್ಲಿ ಉಳಿದದ್ದು. ಲಿಂಗ ಕೆಳಗಿಡಿ ಎಂದ ಮಾತನ್ನು ಹೇಳುವಾಗ ಬಾಯಿ ತಡವರಿಸಿತು.

ಬಸವ್ವ ಆ ಮಾತಿಗಷ್ಟೇ ಹುಬ್ಬು ಎತ್ತಿದರು. "ಹಂಗಂದನೇನು? ಪಾಪ, ಅವಗ ಯಾರೂ ಕಲಿಸಿಲ್ಲ."

"ನಿಮಗೆ ಎಲ್ಲ ಕೇಳಿಸ್ತಿತ್ತಾ ಅತ್ತೆ? ಅದಕ್ಕೇ ಫೋನ್ ತಳ್ಳಿದ್ರಾ?"

"ಎಲ್ಲಿದು ಕೇಳೂದು. ಮಂಡಿ ಹತ್ರ ಗುಯ್ ಗುಯ್ ಅಂತಿತ್ತು. ಆಕಡೆ ದೂಕಿದೆ."

ಅಷ್ಟೇ ಎಂಬಂತೆ ಅವರು ಅಡುಗೆಮನೆಗೆ ಹೋಗಿ ಚಹಾದ ಪಾತ್ರೆ ಇಟ್ಟರು. ಸೌಮ್ಯಶ್ರೀ ನಿಂತಲ್ಲೇ ನಿಂತಳು. ಕೇಳಿಸಿಕೊಂಡು ತಳ್ಳಿದ್ದರೆ ಅದು ಜಾಣತನ, ಅದನ್ನು ಅರ್ಥಮಾಡಿಕೊಳ್ಳಬಹುದಿತ್ತು. ಕೇಳಿಸಿಕೊಳ್ಳದೆ ತಳ್ಳಿದ ಆ ಕೈಗೆ, ತನ್ನ ಹೆಬ್ಬೆರಳ ತುದಿಗೇ ಬಂದು ನಿಂತ ಆ ಫೋನಿಗೆ ಏನು ಹೆಸರಿಡಬೇಕೋ ಅವಳಿಗೆ ತಿಳಿಯಲಿಲ್ಲ. ಹೆಸರಿಡಲು ಹೋಗಲೂ ಇಲ್ಲ.

ಮುಚ್ಚಿದ ಕಾರ್ಡನ್ನು ಕತ್ತರಿಯಿಂದ ತುಂಡು ಮಾಡುತ್ತ, ಹೊಸದು ಬಂದರೆ ನೀವೇ ಇಟ್ಟುಕೊಳ್ಳಿ, ನನ್ನ ಕೈಗೆ ಬೇಡ ಎಂದಳು. ಕರಡಿಗೆಯ ಕೀಲನ್ನು ವಿಜಯನಗರದ ಬೆಳ್ಳಿ ಕೆಲಸದ ಗಂಗಾಧರಯ್ಯನವರ ಹತ್ತಿರ ಕೂತು ಕಣ್ಣೆದುರೇ ಹಾಕಿಸಿಕೊಂಡು ಬರುತ್ತೇನೆ ಎಂದಳು.

ಬಸವ್ವ ಚಹಾ ಸೋಸಿ ಲೋಟವನ್ನು ಸೊಸೆಯ ಮುಂದಿಟ್ಟರು.

"ಕಾರ್ಡು ನಿನ್ನ ಹತ್ರಾನ ಇರ್ಲಿ. ಕಳ್ಳನ ಮಾತು ನೀನ ಬಂದು ಹೇಳಿದ್ಯಲ್ಲ, ಮತ್ತ್ಯಾರ ಕೈಯಾಗ ಕೊಡ್ಲಿ?" ಎಂದು ಒಂದು ಗುಟುಕು ಕುಡಿದರು. "ಒಂದ ಮಾತು ಕೇಳು. ಇನ್ನ ಮ್ಯಾಲೆ ಆ ಫೋನ್ಯಾಗ ಏನರ ಕೊಳ್ಳೂದಿದ್ರ, ನಾ ಪೂಜಿಗೆ ಕುಂತಾಗನ ಕೊಳ್ಳು. ನಾ ಏಳೂತನಕ ಕಾಯಲಾರದ ಅಂಗಡಿ ನಮಗ ಬ್ಯಾಡ."

ಸೌಮ್ಯಶ್ರೀಗೆ ನಗು ಬಂತು, ನಗುವಿನ ಜೊತೆಗೇ ಕಣ್ಣು ತುಂಬಿತು. ಪರದೆಯ ಆಚೆ ದೀಪ ಇನ್ನೂ ಉರಿಯುತ್ತಿತ್ತು. ಅವಳು ಎದ್ದು ಹೋಗಿ, ಗ್ಯಾಸಿನ ಗುಂಡಿಯನ್ನು ಒಂದೇ ಸಲ ಮುಟ್ಟಿ ನೋಡಿ, ಬಂದು ಅತ್ತೆಯ ಪಕ್ಕ ಕೂತು ಚಹಾ ಕುಡಿದಳು.